ಪಳೆಯುಳಿಕೆ ಸಂಗ್ರಹ: ಅಂದವೊಂದೇ ಅಳತೆಗೋಲಲ್ಲ

ಶಾಲಾ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಕೊಂಡುತಂದ ಟ್ರೈಲೊಬೈಟ್ ಪಳೆಯುಳಿಕೆಗಳನ್ನು ಇಡುವುದುಂಟು. 'ಪ್ರಾಚೀನ ಸಮುದ್ರದ ಕಠಿಣಚರ್ಮಿ' ಎಂಬ ಚೀಟಿಯೂ ಜೊತೆಗಿರುತ್ತದೆ. ಆಸಕ್ತಿ ಮೆಚ್ಚತಕ್ಕದ್ದೇ, ಸಂಗ್ರಹಿಸುವ ಕ್ರಮವನ್ನು ಮಾತ್ರ ವಿಮರ್ಶಿಸಬೇಕಾಗಿದೆ.

ಮೊದಲನೆಯದು ಹೆಸರು. ಏಡಿ, ಸೀಗಡಿಗಳು ಕಠಿಣಚರ್ಮಿಗಳು. ಟ್ರೈಲೊಬೈಟ್ ಅವುಗಳಂತೆಯೇ ಸಂಧಿಪದಿಯಾದರೂ ಬೇರೆಯೇ ಗುಂಪು. ಸುಮಾರು 52 ಕೋಟಿ ವರ್ಷಗಳ ಹಿಂದೆ ಕಾಣಿಸಿಕೊಂಡ ಈ ಗುಂಪು 25 ಕೋಟಿ ವರ್ಷಗಳ ಹಿಂದೆ ಪೂರ್ತಿಯಾಗಿ ಅಳಿದುಹೋಯಿತು.

ಎರಡನೆಯದು ನೆಲೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಬಂಡೆಗಳಲ್ಲಿ ಟ್ರೈಲೊಬೈಟ್ ಹುಡುಕಲು ಮಕ್ಕಳಿಗೆ ಹೇಳುವುದು ವ್ಯರ್ಥ. ಇಲ್ಲಿನವು ಬಹುಪಾಲು ನೈಸ್ ಮತ್ತು ಗ್ರಾನೈಟ್ ಶಿಲೆಗಳು. ಸುಮಾರು 250 ಕೋಟಿ ವರ್ಷ ಅಥವಾ ಅದಕ್ಕೂ ಹಳೆಯವು. ಚಿನ್ನದ ಗಣಿಗಳಿದ್ದ ಷಿಸ್ಟ್ ಪಟ್ಟಿಯ ವಯಸ್ಸು ಸುಮಾರು 270 ಕೋಟಿ ವರ್ಷ. ಜಿರ್ಕಾನ್ ಹರಳುಗಳಲ್ಲಿ ಯುರೇನಿಯಂ ಎಷ್ಟು ಸೀಸವಾಗಿದೆ ಎಂದು ಅಳೆದು ಇಂಥ ವಯಸ್ಸನ್ನು ತಿಳಿಯುತ್ತಾರೆ. ಪ್ರಾಣಿ ಹುಟ್ಟುವ ಮೊದಲೇ ಗಟ್ಟಿಯಾದ ಕಲ್ಲಿನಲ್ಲಿ ಅದರ ಗುರುತು ಸಿಗುವುದೆಂತು? ಬಿರುಕುಗಳಲ್ಲಿ ಕಾಣುವ ಜರೀಗಿಡದಂಥ ಕಪ್ಪು ಚಿತ್ತಾರವೂ ಪಳೆಯುಳಿಕೆಯಲ್ಲ. ಸಾಮಾನ್ಯವಾಗಿ ಅದು ಮ್ಯಾಂಗನೀಸ್ ಆಕ್ಸೈಡ್.

ಮೂರನೆಯದು ಅಂದ. ಒಂದಿಷ್ಟೂ ಮುಕ್ಕಾಗದ ಮಾದರಿಗೇ ಬೆಲೆ ಹೆಚ್ಚು. ಆದ್ದರಿಂದಲೇ ನಕಲಿಗಳೂ ಹೆಚ್ಚು. ಮೊರಾಕ್ಕೊದಿಂದ ಬರುವ ಮಾದರಿಗಳಲ್ಲಿ ರಾಳದಲ್ಲಿ ಅಚ್ಚು ಹೊಯ್ದವೂ ಇರುತ್ತವೆ. ಭೂತಗನ್ನಡಿಯಲ್ಲಿ ನೋಡಿದರೆ ಎಷ್ಟೋ ಸಲ ಸಣ್ಣ ಗಾಳಿಗುಳ್ಳೆಗಳು ಕಾಣುತ್ತವೆ. ನಿಜವಾದ ಟ್ರೈಲೊಬೈಟಿನ ಕಣ್ಣಿನ ಮಸೂರಗಳು ಕ್ಯಾಲ್ಸೈಟ್ ಖನಿಜದವು. ಇತ್ತ, ತುಂಡಾದ ಮಾದರಿ ಕೀಳೇನಲ್ಲ. ಅನೇಕ ತುಂಡುಗಳು ಪ್ರಾಣಿ ಬೆಳೆಯುತ್ತಾ ಕಳಚಿದ ಪೊರೆಗಳು. ಅದರ ಬದುಕಿನ ರೀತಿಯನ್ನು ತಿಳಿಸುತ್ತವೆ.

ಸಿಕ್ಕಿದ ಸ್ಥಳ, ಶಿಲಾಪದರ, ದಿನಾಂಕ—ಇವುಗಳ ದಾಖಲೆಯಿಲ್ಲದ ಅಂದದ ಮಾದರಿ ಅಲಂಕಾರದ ವಸ್ತು ಮಾತ್ರ. ಹಿಮಾಚಲದ ಸ್ಪಿತಿಯ ಪದರಗಳಲ್ಲಿ ದೊರೆತು, ದಾಖಲೆಯಿರುವ ಒಂದು ತುಣುಕು ವಿಜ್ಞಾನಕ್ಕೆ ಅದಕ್ಕಿಂತ ಬೆಲೆಯುಳ್ಳದ್ದು.

ಹಾಗಾದರೆ ಕೋಲಾರದ ಮಕ್ಕಳಿಗೆ ನೋಡಲು ಏನೂ ಇಲ್ಲವೆ? ಇದೆ. ಕೆ.ಜಿ.ಎಫ್. ಬಳಿಯ ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಈ ಷಿಸ್ಟ್ ಪಟ್ಟಿಯಲ್ಲಿರುವ ದಿಂಬಿನಾಕಾರದ ಲಾವಾ, ನೀರಿನಡಿಯಲ್ಲಿ ಉಕ್ಕಿ ತಣಿದದ್ದರ ಸಾಕ್ಷಿ. ನಮ್ಮ ಬಂಡೆಗಳಲ್ಲಿ ಪ್ರಾಚೀನ ಜಲರಾಶಿಯ ಗುರುತಿದೆ. ಟ್ರೈಲೊಬೈಟ್ ಇಲ್ಲ, ಅಷ್ಟೆ. ಸ್ಮಾರಕದ ಕಲ್ಲನ್ನು ಒಡೆಯದೆ, ಚಿತ್ರ ಬರೆದು, ಅಳತೆ ಗುರುತಿಸಿಕೊಂಡು ಬರಲಿ. ಕೊಂಡ ಟ್ರೈಲೊಬೈಟಿಗಿಂತ ಆ ಟಿಪ್ಪಣಿ ಪುಸ್ತಕವೇ ಪ್ರದರ್ಶನಕ್ಕೆ ಯೋಗ್ಯ.