ಸೈಕಲ್ ಪಥಕ್ಕೆ ಹಸಿರು ಸಾಕೆ, ನೆರಳು ಬೇಕೆ?

ರಸ್ತೆಯ ಬದಿಯಲ್ಲಿ ಹಸಿರಿದ್ದರೆ ಜನ ಸೈಕಲ್ ಹತ್ತುತ್ತಾರೆ ಎಂಬ ಮಾತನ್ನು ನೀವು ಕೇಳಿರುತ್ತೀರಿ. ಮಾತು ಸುಳ್ಳಲ್ಲ, ಆದರೆ ಸಡಿಲವಾದುದು. ರಸ್ತೆ ವಿಭಜಕದ ಕುಂಡದಲ್ಲಿರುವ ಗಿಡವೂ ಹಸಿರೇ, ಹೊಂಗೆ ಮರವೂ ಹಸಿರೇ. ಪೆಡಲ್ ತುಳಿಯುವವನಿಗೆ ಇವೆರಡೂ ಒಂದೇ ಅಲ್ಲ.

ಬೆಂಗಳೂರಿನ ಬೀದಿಮರಗಳ ಬಗ್ಗೆ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಗಮನಿಸಿ. ಮರಗಳಿರುವಲ್ಲಿ ಗಾಳಿಯ ಉಷ್ಣತೆ 5.6 ಡಿಗ್ರಿವರೆಗೆ, ಡಾಂಬರಿನ ಮೇಲ್ಮೈ ಉಷ್ಣತೆ 27.5 ಡಿಗ್ರಿವರೆಗೆ ಕಡಿಮೆ ಇತ್ತು. 'ವರೆಗೆ' ಎಂಬುದನ್ನು ಮರೆಯಬಾರದು, ಇವು ಸರಾಸರಿಗಳಲ್ಲ. ನನ್ನ ದೃಷ್ಟಿಯಲ್ಲಿ ಎರಡನೆಯ ಸಂಖ್ಯೆಯೇ ಮುಖ್ಯ. ಬಿಸಿಲಿನ ಡಾಂಬರು 60 ಡಿಗ್ರಿ, ನೆರಳಿನದು 32.5 ಡಿಗ್ರಿ ಎಂದಿಟ್ಟುಕೊಳ್ಳಿ. ಸ್ಟೆಫಾನ್-ಬೋಲ್ಟ್ಸ್‌ಮನ್ ನಿಯಮದಂತೆ, ಕಪ್ಪು ಕಾಯವೆಂದು ಭಾವಿಸಿದರೆ, ಅವು ಚದರ ಮೀಟರಿಗೆ ಸುಮಾರು 700 ಮತ್ತು 495 ವಾಟ್ ವಿಕಿರಣವನ್ನು ಸೂಸುತ್ತವೆ. ಸೈಕಲ್ ಸವಾರನ ದೇಹವೇ ನೂರಾರು ವಾಟ್ ಶಾಖವನ್ನು ಹೊರಹಾಕಬೇಕು. ಚಲಿಸುವಾಗ ಗಾಳಿ ಬೆವರನ್ನು ಆರಿಸುತ್ತದೆ. ಸಿಗ್ನಲ್‌ನಲ್ಲಿ ನಿಂತೊಡನೆ ಆ ಗಾಳಿಯೂ ನಿಲ್ಲುತ್ತದೆ. ಆದ್ದರಿಂದ ನೆರಳು ಅತ್ಯಂತ ಅಗತ್ಯವಿರುವುದು ಸಿಗ್ನಲ್‌ಗಳಲ್ಲಿ ಮತ್ತು ಏರುಗಳಲ್ಲಿ.

2020ರಲ್ಲಿ ನಗರ ಭೂ ಸಾರಿಗೆ ನಿರ್ದೇಶನಾಲಯವು ಹೊರ ವರ್ತುಲ ರಸ್ತೆಯಲ್ಲಿ ಸೈಕಲ್ ಪಥದ ಪ್ರಯೋಗ ನಡೆಸಿತು. ಬಣ್ಣದ ಗೆರೆ, ಬೊಲ್ಲಾರ್ಡ್‌ಗಳು ಇದ್ದವು. ಬೊಲ್ಲಾರ್ಡ್‌ಗಳು ಹೆಚ್ಚು ಕಾಲ ಉಳಿಯಲಿಲ್ಲ. ಇಂಥ ಪಥಕ್ಕೆ ಮರ ಸೇರಿಸುವುದಾದರೆ ಎಲ್ಲಿ ನೆಡಬೇಕು? ಅಂಚಿನಲ್ಲಿ ಎನ್ನುವುದು ಸಿದ್ಧ ಉತ್ತರ. ಲೆಕ್ಕ ಹಾಕೋಣ. ಮಾರ್ಚ್ 21ರ ಬೆಳಗಿನ 9 ಗಂಟೆಗೆ ಬೆಂಗಳೂರಿನಲ್ಲಿ ಸೂರ್ಯನ ಎತ್ತರ ಸುಮಾರು 37 ಡಿಗ್ರಿ. 10 ಮೀಟರ್ ಎತ್ತರದ ಮರದ ನೆರಳು ಪಶ್ಚಿಮಕ್ಕೆ 13 ಮೀಟರ್ ಚಾಚುತ್ತದೆ. ಮಾರತ್ತಹಳ್ಳಿಯ ಬಳಿ ರಸ್ತೆ ಹೆಚ್ಚುಕಡಿಮೆ ಉತ್ತರ-ದಕ್ಷಿಣ. ನಮ್ಮಲ್ಲಿ ಎಡಬದಿಯ ಸಂಚಾರವಾದ್ದರಿಂದ ಬೆಳಿಗ್ಗೆ ಉತ್ತರಕ್ಕೆ ಹೋಗುವವನು ಪಶ್ಚಿಮದ ಅಂಚಿನಲ್ಲಿರುತ್ತಾನೆ. ಅವನ ಎಡಗಡೆಯ ಮರದ ನೆರಳು ಕಟ್ಟಡಗಳ ಕಾಂಪೌಂಡಿಗೆ ಬೀಳುತ್ತದೆ. ಸಂಜೆ ಹಿಂತಿರುಗುವಾಗ ಪೂರ್ವದ ಅಂಚು, ನೆರಳೂ ಪೂರ್ವಕ್ಕೆ! ಬೆಳಿಗ್ಗೆ ದಕ್ಷಿಣಕ್ಕೆ ಹೋಗುವವನಿಗೋ ಎರಡು ಹೊತ್ತೂ ನೆರಳು. ಪಥ ಮತ್ತು ವಾಹನಗಳ ನಡುವೆಯೂ ಒಂದು ಸಾಲು ಮರ ನೆಟ್ಟರೆ ಈ ತಾರತಮ್ಯ ನೀಗುತ್ತದೆ. ಬೊಲ್ಲಾರ್ಡಿನ ಕೆಲಸವನ್ನೂ ಮರವೇ ಮಾಡುತ್ತದೆ. ವೈಟ್‌ಫೀಲ್ಡಿನತ್ತ ಪೂರ್ವಕ್ಕೆ ಸಾಗುವ ರಸ್ತೆಗಳಲ್ಲಿ ಬೆಳಗಿನ ಬಿಸಿಲು ಎದುರಿನಿಂದಲೇ ಬರುವುದರಿಂದ, ಪಥದ ಮೇಲೆ ಕೊಡೆಯಂತೆ ಹರಡುವ ಮರಗಳಷ್ಟೇ ಉಪಯುಕ್ತ. ತಾಳೆ ಜಾತಿಯ ಅಲಂಕಾರ ಮರಗಳು ಫೋಟೋಗೆ ಚೆನ್ನ.

ಇನ್ನೊಂದು ಎಚ್ಚರಿಕೆ. ಮರಗಳಿರುವ ಬೀದಿಯಲ್ಲಿ ಸೈಕಲ್‌ಗಳು ಹೆಚ್ಚೆಂದು ಕಂಡರೆ ಕಾರಣ ಮರವೇ ಎನ್ನುವಂತಿಲ್ಲ. ಅಲ್ಲಿ ವಾಹನಗಳ ವೇಗವೂ ಕಡಿಮೆ ಇರಬಹುದು. ಪೀಣ್ಯದಲ್ಲಿ ಲಾರಿಗಳ ನಡುವೆ ಸೈಕಲ್ ತುಳಿಯುವ ಕಾರ್ಮಿಕ ಹಸಿರನ್ನು ಕಂಡು ಹೊರಟವನಲ್ಲ, ಬಸ್ಸಿನ ದುಡ್ಡು ಉಳಿಸಲು ಹೊರಟವನು. ಇಂಥವನನ್ನು ಬಿಟ್ಟು, ಕಾರಿನಿಂದ ಇಳಿದು ಬರಬಹುದಾದವನ ಅನುಕೂಲಕ್ಕಷ್ಟೇ ಪಥ ರೂಪಿಸಿದರೆ ಸಮೀಕ್ಷೆಯ ಪ್ರಶ್ನೆಯೇ ತಪ್ಪಾಗುತ್ತದೆ. ನಿಮ್ಮ ಶಾಲೆಯ ಬಳಿಯ ರಸ್ತೆಯ ದಿಕ್ಕು, ಮರದ ಎತ್ತರ, ಬೆಳಿಗ್ಗೆ 9ಕ್ಕೆ ನೆರಳು ಬೀಳುವ ಜಾಗ, ಇವನ್ನು ವಿದ್ಯಾರ್ಥಿಗಳಿಂದ ಅಳೆಸಿ ನೋಡಿ. ಟೇಪು, ಕೋನಮಾಪಕ ಸಾಕು.