ತಲೆನೋವು ಬರುವವರೆಗೂ ಕಾಯಬೇಕೆ?

ಕಿಡ್ನಿ ಕ್ಯಾನ್ಸರ್ ಬೇರೆಡೆಗೆ ಹರಡಿದೆ ಎಂಬ ಅನುಮಾನ ಬಂದ ದಿನವೇ ವೈದ್ಯರು ಎದೆ, ಹೊಟ್ಟೆಗಳ ಸಿಟಿ ಸ್ಕ್ಯಾನ್ ಬರೆದುಕೊಡುತ್ತಾರೆ. ತಲೆಯ ಎಂಆರ್‌ಐ ಆ ಚೀಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇದು ಮರೆವಲ್ಲ, ನಿಯಮ. ತಲೆನೋವು, ಫಿಟ್ಸ್, ಕೈಕಾಲಿನ ಸೋಲು ಕಂಡರೆ ಮಾತ್ರ ಮಿದುಳನ್ನು ನೋಡಿ ಎಂಬುದೇ ಅಮೆರಿಕ, ಯುರೋಪುಗಳ ಮಾರ್ಗಸೂಚಿಗಳ ಧಾಟಿ. ಶ್ವಾಸಕೋಶದ ಕ್ಯಾನ್ಸರ್ ಬಲಿತಾಗ, ಮೆಲನೋಮ ಹರಡಿದಾಗ ಹೀಗೆ ಕಾಯುವುದಿಲ್ಲ.

ಈ ನಿಯಮವನ್ನು ಅಲುಗಾಡಿಸಿದ್ದು 2021ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕೇಂದ್ರದ ರಿತೇಶ್ ಕೋಟೇಚಾ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ. ಔಷಧ ಪ್ರಯೋಗಗಳಿಗೆ ಸೇರಲು ಬಂದಿದ್ದ 1,689 ರೋಗಿಗಳಲ್ಲಿ 72 ಮಂದಿಗೆ, ಅಂದರೆ ಶೇಕಡಾ 4ರಷ್ಟು ಜನರಿಗೆ, ಯಾವ ಲಕ್ಷಣವೂ ಇಲ್ಲದೆ ಮಿದುಳಿನಲ್ಲಿ ಗಡ್ಡೆಗಳಿದ್ದವು. ಬಹುಪಾಲು ಜನರಲ್ಲಿ ರೋಗ ಆಗಲೇ ಎದೆಯ ಭಾಗಕ್ಕೂ ಹಬ್ಬಿತ್ತು. ಅವರು ಬದುಕಿದ ಅವಧಿಯ ಮಧ್ಯಕ 10.3 ತಿಂಗಳು.

ಈ ಸ್ಕ್ಯಾನುಗಳನ್ನು ಏಕೆ ಮಾಡಿದ್ದರು ಎಂಬುದು ನನ್ನನ್ನು ಬಹಳ ಕಾಡಿದೆ. ರೋಗಿಯ ಚಿಕಿತ್ಸೆಗೆ ನೆರವಾಗಲೆಂದಲ್ಲ. ಆತ ಪ್ರಯೋಗಕ್ಕೆ ಅರ್ಹನೇ ಎಂದು ತಿಳಿಯಲು. ದೇಹದ ರೋಗನಿರೋಧಕ ಶಕ್ತಿಯನ್ನೇ ಬಳಸುವ ಇಮ್ಯುನೋಥೆರಪಿಯನ್ನು ಕಿಡ್ನಿ ಕ್ಯಾನ್ಸರಿನ ಮೊದಲ ಸಾಲಿನ ಚಿಕಿತ್ಸೆಯಾಗಿಸಿದ ಚೆಕ್‌ಮೇಟ್ 214 ಪ್ರಯೋಗ ಮಿದುಳಿಗೆ ಹರಡಿದವರನ್ನು ಹೊರಗಿಟ್ಟಿತ್ತು. ಹೀಗೆ ಹೊರಗಿಟ್ಟವರಿಗೂ ಕೊನೆಗೆ ನಾವು ಕೊಡುವುದು ಅವೇ ಔಷಧಗಳನ್ನು. ಕೋಟೇಚಾ ತಂಡ ಆ ಬಾಗಿಲಲ್ಲಿ ನಿಂತುಹೋದವರ ಕಡತ ತೆರೆದು ನೋಡಿತು. ಅದಕ್ಕಾಗಿಯೇ ಈ ಕೆಲಸ ನನಗೆ ದೊಡ್ಡದಾಗಿ ಕಾಣುತ್ತದೆ.

ಹಾಗೆಂದು ಅದು ಹೇಳದ್ದನ್ನು ಅದರ ಬಾಯಿಗೆ ತುರುಕಬಾರದು. ಪ್ರಯೋಗದ ಬಾಗಿಲಿಗೆ ಬರುವವರು ಒಂದಿಷ್ಟು ಗಟ್ಟಿಯಿರುವವರು. ಸಾಮಾನ್ಯ ವಾರ್ಡಿನಲ್ಲಿ ಈ ಪ್ರಮಾಣ ಬೇರೆಯೇ ಇರಬಹುದು. ಬೇಗ ಕಂಡುಹಿಡಿದದ್ದರಿಂದ ಆಯುಸ್ಸು ಬೆಳೆಯಿತೆ ಎಂದು ಹೇಳಲು, ಸ್ಕ್ಯಾನ್ ಇಲ್ಲದೆ ಕಾಯ್ದ ಹೋಲಿಕೆಯ ಗುಂಪು ಇಲ್ಲಿಲ್ಲ. ಗಡಿಯಾರವನ್ನು ಮೊದಲೇ ಶುರುಮಾಡಿದರೆ ಓಟ ಉದ್ದವಾದಂತೆ ಕಾಣುತ್ತದೆ, ಅಷ್ಟೆ. ಒಬ್ಬರಲ್ಲಿ ಗಡ್ಡೆ ಸಿಗಲು ಸುಮಾರು 23 ಜನರ ತಲೆ ನೋಡಬೇಕು. ಎಂಆರ್‌ಐ ಖರ್ಚನ್ನು ಕೈಯಿಂದಲೇ ಭರಿಸುವ ನಮ್ಮ ಕುಟುಂಬಗಳಿಗೆ ಇದು ಸಣ್ಣ ಮಾತಲ್ಲ.

ಆದರೂ ಕಾಯುವ ಪಕ್ಷ ನನಗೆ ಒಪ್ಪಿಗೆಯಾಗುವುದಿಲ್ಲ. ಕಿಡ್ನಿಯಿಂದ ಬಂದ ಮಿದುಳಿನ ಗಡ್ಡೆಗಳು ರಕ್ತ ಸುರಿಸುವ ಸ್ವಭಾವದವು; ಮೊದಲ ಲಕ್ಷಣವೇ ಲಕ್ವದಂತೆ ಎರಗಬಹುದು. ಇಡೀ ಮಿದುಳಿಗೆ ಕೊಡುವ ಸಾಮಾನ್ಯ ವಿಕಿರಣಕ್ಕೆ ಅವು ಅಷ್ಟಾಗಿ ಬಗ್ಗುವುದಿಲ್ಲ. ಗಾಮಾ ನೈಫ್‌ನಂಥ ರೇಡಿಯೋಸರ್ಜರಿಗೆ ಬಗ್ಗುತ್ತವೆ, ಅದೂ ಗಡ್ಡೆ ಚಿಕ್ಕದಿದ್ದಾಗ ಚೆನ್ನಾಗಿ. ಔಷಧದ ಆಯ್ಕೆಯೂ ಬದಲಾಗುತ್ತದೆ. ಫ್ರಾನ್ಸಿನ ನಿವೊರೆನ್ ಪ್ರಯೋಗದಲ್ಲಿ, ಮೊದಲು ಸ್ಥಳೀಯ ಚಿಕಿತ್ಸೆ ಪಡೆಯದ ಮಿದುಳಿನ ಗಡ್ಡೆಗಳು ಇಮ್ಯುನೋಥೆರಪಿ ಔಷಧವಾದ ನಿವೊಲುಮಾಬ್‌ಗೆ ಕುಗ್ಗಿದ್ದು ಶೇಕಡಾ 12 ರೋಗಿಗಳಲ್ಲಿ ಮಾತ್ರ. ಒಂದು ಸೆಂಟಿಮೀಟರ್ ಮೀರಿದ ಗಡ್ಡೆಯಿದ್ದ ಯಾರಲ್ಲಿಯೂ ಕುಗ್ಗಲಿಲ್ಲ. ಆದರೆ ಕಬೊಜಾಂಟಿನಿಬ್ ಎಂಬ ಬೇರೊಂದು ಔಷಧ ಪಡೆದವರ ದಾಖಲೆಗಳನ್ನು ಹಿಂದಿರುಗಿ ನೋಡಿದ ಇನ್ನೊಂದು ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮಿದುಳಿನಲ್ಲಿ ಗುಣ ಕಂಡಿತ್ತು. ಎರಡನ್ನೂ ನೇರವಾಗಿ ತೂಗಲಾಗದು. ಆದರೆ ತಲೆಯಲ್ಲಿ ಏನಿದೆ ಎಂದು ತಿಳಿಯದೆ ಮೊದಲ ಔಷಧ ಆರಿಸುವುದು ಕಣ್ಣು ಕಟ್ಟಿಕೊಂಡು ಆರಿಸಿದಂತೆಯೇ.

ಆದ್ದರಿಂದ ಎಲ್ಲರಿಗೂ ಮತ್ತೆ ಮತ್ತೆ ಎಂಆರ್‌ಐ ಬೇಡ. ರೋಗ ಎದೆಗೆ ಹಬ್ಬಿದವರಿಗೆ, ಚಿಕಿತ್ಸೆ ಶುರುವಾಗುವ ಮುನ್ನ, ಒಮ್ಮೆ ಬೇಕು. ಈ ಗುಂಪಿನಲ್ಲೇ ಸರಿಯಾದ ಹೋಲಿಕೆಯ ಪ್ರಯೋಗವೂ ನಡೆಯಬೇಕು. ಅದು ಬದುಕಿದ ತಿಂಗಳುಗಳನ್ನಷ್ಟೇ ಎಣಿಸಿ ಮುಗಿಸಬಾರದು. ಎಷ್ಟು ಜನರಿಗೆ ಫಿಟ್ಸ್ ತಪ್ಪಿತು, ಎಷ್ಟು ಜನ ಕೊನೆಯವರೆಗೂ ತಮ್ಮ ಕಾಲಮೇಲೆ ಓಡಾಡಿದರು, ಮನೆಯವರೊಂದಿಗೆ ಸರಿಯಾಗಿ ಮಾತಾಡಿದರು ಎಂಬುದನ್ನೂ ಬರೆದಿಡಬೇಕು.