ಬೇರು ಕೊಳೆತಿದೆ, ಕೊಳೆಸಿದ್ದು ಯಾವುದು?

ಬೀದರ್, ಬೆಳಗಾವಿ, ಧಾರವಾಡದ ಎರೆ ಹೊಲಗಳಲ್ಲಿ ಸೋಯಾ ಅವರೆ ಅಲ್ಲಲ್ಲಿ ಸೊರಗಿದರೆ ಸಿಗುವ ಹೆಸರು ಒಂದೇ: ಬೇರು ಕೊಳೆ. ಹೆಸರಿನ ಬೆನ್ನಿಗೇ ಔಷಧವೂ ಸಿದ್ಧವಿರುತ್ತದೆ, ಬಹುಪಾಲು ಕಾರ್ಬೆಂಡಾಜಿಮ್. ಆದರೆ ಬೇರು ಕೊಳೆಯುವುದು ಲಕ್ಷಣ ಮಾತ್ರ. ಅದರ ಹಿಂದೆ ಸ್ಕ್ಲೆರೋಷಿಯಂ ಇರಬಹುದು, ಮ್ಯಾಕ್ರೋಫೋಮಿನಾ, ರೈಜೋಕ್ಟೋನಿಯಾ, ಫ್ಯುಸೇರಿಯಂ ಇರಬಹುದು, ಪಿಥಿಯಂ ಕೂಡ ಇರಬಹುದು. ಪಿಥಿಯಂ ನಿಜವಾದ ಶಿಲೀಂಧ್ರದ ಗುಂಪಿಗೇ ಸೇರಿದ್ದಲ್ಲ. ಕಾರ್ಬೆಂಡಾಜಿಮ್ ಅದಕ್ಕೆ ನಾಟುವುದಿಲ್ಲ, ಮೆಟಲಾಕ್ಸಿಲ್‌ನಂಥದ್ದು ಬೇಕು. ಗುರುತು ತಪ್ಪಿದರೆ ರೈತನ ದುಡ್ಡು ನೇರ ಮಣ್ಣುಪಾಲು.

ಹೊಲದಲ್ಲೇ ಮಾಡಬಹುದಾದ ಪರೀಕ್ಷೆಗೆ ನಾವು ಕೊಡಬೇಕಾದ ಬೆಲೆ ಕೊಟ್ಟಿಲ್ಲ ಎಂಬುದು ನನ್ನ ಮೊದಲ ತಕರಾರು. ಬಾಡುತ್ತಿರುವ ಗಿಡವನ್ನು ಹಿಡಿದೆಳೆಯದೆ ಮಣ್ಣು ಸಮೇತ ಅಗೆದು ತೆಗೆಯಿರಿ. ನೆಲಮಟ್ಟದ ಕಾಂಡಕ್ಕೆ ಬಿಳಿ ಎಳೆಗಳು ಹಬ್ಬಿ, ಅವುಗಳ ನಡುವೆ ಸಾಸಿವೆ ಕಾಳಿನಷ್ಟು ದಪ್ಪದ ಗುಂಡು ಗಂಟುಗಳು, ಮೊದಲು ಬಿಳಿ, ಆಮೇಲೆ ಕಂದು, ಕಂಡರೆ ಅದು ಸ್ಕ್ಲೆರೋಷಿಯಂ ರಾಲ್ಫ್‌ಸಿ. ಹೂ, ಕಾಯಿ ಹೊತ್ತಿನಲ್ಲಿ ಮಳೆ ಕೈಕೊಟ್ಟು, ಬಿಸಿಲೇರಿ ಗಿಡ ಒಣಗಿದ್ದರೆ ತಾಯಿಬೇರನ್ನು ಉದ್ದಕ್ಕೆ ಸೀಳಿ, ಸಿಪ್ಪೆ ಸುಲಿದು ನೋಡಿ. ಬೂದಿ ಬಣ್ಣಕ್ಕೆ ತಿರುಗಿದ ಒಳಭಾಗದಲ್ಲಿ ನವಿರಾದ ಕಪ್ಪು ಚುಕ್ಕೆಗಳು ಒತ್ತಾಗಿದ್ದರೆ ಮ್ಯಾಕ್ರೋಫೋಮಿನಾ ಫೇಸಿಯೋಲಿನಾದ ಮೇಲೆ ಅನುಮಾನಪಡಲು ಸಾಕಷ್ಟು ಆಧಾರ ಸಿಕ್ಕಿತು. ಒಂದು ಚಾಕು, ಒಂದು ಭೂತಗನ್ನಡಿ ಇದ್ದರೆ ಇಷ್ಟು ಸಾಧ್ಯ.

ಉಳಿದವು ಇಷ್ಟು ಸುಲಭವಲ್ಲ. ಅವುಗಳಿಗೆ ಪ್ರಯೋಗಾಲಯವೇ ಬೇಕು. ಬೇರಿನ ತುಣುಕನ್ನು ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ ತೊಳೆದು ಆಲೂಗಡ್ಡೆ ಸಾರದ ಅಗರ್ ಮೇಲಿಟ್ಟು, ಬೆಳೆದದ್ದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ರೂಢಿ. ವಿಧಾನದಲ್ಲಿ ದೋಷವಿಲ್ಲ. ಅದರ ಫಲಿತಾಂಶವನ್ನು ಓದುವ ಬಗೆಯಲ್ಲಿ ಇದೆ. ಪೂರ್ತಿ ಸತ್ತ ಗಿಡವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಳಿಸಿದರೆ ತಟ್ಟೆಯ ತುಂಬ ಫ್ಯುಸೇರಿಯಂ ಎದ್ದರೂ ಆಶ್ಚರ್ಯವಿಲ್ಲ, ಏಕೆಂದರೆ ಅದರ ಎಷ್ಟೋ ಜಾತಿಗಳು ಸತ್ತ ಬೇರಿನ ಮೇಲೆ ಆಮೇಲೆ ಬಂದು ಕೂರುವಂಥವು. ಎಳೆ ಸಸಿಯನ್ನು ಕೊಂದ ಪಿಥಿಯಂ ಅಷ್ಟರಲ್ಲಿ ಉಳಿದವುಗಳ ಬೆಳವಣಿಗೆಯಡಿ ಮರೆಯಾಗಿರುತ್ತದೆ. ಆದರೂ ವರದಿಯಲ್ಲಿ ‘ಫ್ಯುಸೇರಿಯಂ ಪತ್ತೆ’ ಎಂದಿದ್ದರೆ ಓದಿದವರು ಅದನ್ನೇ ಕಾರಣವೆಂದು ಹಿಡಿಯುತ್ತಾರೆ. ಬೇರ್ಪಡಿಸಿದ ಶಿಲೀಂಧ್ರವನ್ನು ಆರೋಗ್ಯವಂತ ಸಸಿಗೆ ಸೋಂಕಿಸಿ, ಅದೇ ಲಕ್ಷಣ ಬರುತ್ತದೆಯೇ ಎಂದು ನೋಡಿ, ಮತ್ತೆ ಅದನ್ನೇ ಬೇರ್ಪಡಿಸಬೇಕೆಂಬುದು ರಾಬರ್ಟ್ ಕೋಕ್ ಕಾಲದಿಂದ ಬಂದ ನಿಯಮ. ಸಮಯ ಹಿಡಿಯುತ್ತದೆ ಎಂದು ಮೊದಲು ಬಿಟ್ಟುಬಿಡುವುದು ಇದನ್ನೇ.

ಡಿಎನ್‌ಎ ಪರೀಕ್ಷೆ ಬಂದ ಮೇಲೆ ಈ ಹಂತ ಬೇಡವೆಂಬ ವಾದ ಒಪ್ಪತಕ್ಕದ್ದಲ್ಲ. ಅದು ಬಲವಾದ ಸಾಧನ, ನಿಜ. ಆದರೆ ಎಲ್ಲರೂ ಬಳಸುವ, ಐಟಿಎಸ್ ಎಂಬ ಡಿಎನ್‌ಎ ಭಾಗ ಫ್ಯುಸೇರಿಯಂನ ಹತ್ತಿರದ ಜಾತಿಗಳನ್ನು ಬಿಡಿಸಿ ಹೇಳಲಾರದು, ಟಿಇಎಫ್1 ಜೀನನ್ನೂ ಓದಬೇಕು. ಓದಿದರೂ ತಿಳಿಯುವುದು ಅದು ಅಲ್ಲಿತ್ತು ಎಂಬುದಷ್ಟೇ.

ಈ ಹಟ ಬರೀ ಶಾಸ್ತ್ರದ್ದಲ್ಲ. ಮ್ಯಾಕ್ರೋಫೋಮಿನಾ ಜೋಳದ ಕಾಂಡವನ್ನೂ ಕಡಲೆಯ ಬೇರನ್ನೂ ಬಿಡದು. ಮುಂಗಾರಿಗೆ ಸೋಯಾ, ಹಿಂಗಾರಿಗೆ ಜೋಳ ಅಥವಾ ಕಡಲೆ ಬಿತ್ತುವ ನಮ್ಮ ಕಡೆಯ ರೈತ ಬೆಳೆ ಬದಲಿಸಿದೆನೆಂದು ನೆಮ್ಮದಿಯಿಂದಿರುತ್ತಾನೆ, ರೋಗಾಣುವಿಗೆ ಮಾತ್ರ ವರ್ಷವಿಡೀ ಆಹಾರ ಸಿಗುತ್ತಲೇ ಇರುತ್ತದೆ. ಹಾಗಾಗಿ ವರದಿಯಲ್ಲಿ ಶಿಲೀಂಧ್ರದ ಹೆಸರಿನ ಜತೆಗೆ ಸೋಂಕು ಪರೀಕ್ಷೆ ಮಾಡಿದ್ದಾರೋ ಇಲ್ಲವೋ, ಮುಂದಿನ ಬೆಳೆಗೂ ಅದು ತಗಲುವುದೋ ಎಂಬ ಎರಡು ಸಾಲು ಇರಲೇಬೇಕು.